ಮಾತೃಭಾಷೆಯ ಕಾಲಂ

ನಾನು ಊರಿನ ಶಾಲೆಗೆ ಹೋಗಿದ್ದು ಒಂದು ಸರ್ಟಿಫಿಕೇಟಿಗಾಗಿ. ದಾಖಲೆಯೊಂದರಲ್ಲಿ ಹುಟ್ಟಿದ ತಾರೀಖು ತಪ್ಪಾಗಿ ಬಿದ್ದಿತ್ತು, ಅದನ್ನು ಸರಿಮಾಡಿಸಲು ಶಾಲೆಯ ದಾಖಲೆ ಬೇಕಿತ್ತು. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮಧ್ಯಾಹ್ನದವರೆಗೂ ಅಲ್ಲೇ ಕೂತುಬಿಟ್ಟೆ.

ಶಾಲೆ ಗುಡ್ಡದ ಮೇಲೆ, ಇಗರ್ಜಿಯ ಪಕ್ಕದಲ್ಲಿದೆ. ದಕ್ಷಿಣ ಕನ್ನಡದಲ್ಲಿ ಓಡಾಡಿದವರಿಗೆ ಇದು ಗೊತ್ತಿರುವ ನೋಟವೇ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದದ ಜಗಲಿ, ಅಂಗಳದ ತುದಿಯಲ್ಲಿ ಒಂದು ಹಲಸಿನ ಮರ. ಇಗರ್ಜಿ, ಅದರ ಹಿಂದೆ ಸ್ಮಶಾನ, ಬದಿಯಲ್ಲಿ ಕಾನ್ವೆಂಟು, ಎದುರಿಗೆ ಶಾಲೆ. ನಾನು ಒಂದರಿಂದ ಏಳನೇ ಕ್ಲಾಸಿನವರೆಗೆ ಓದಿದ್ದು ಇಲ್ಲಿ, ಕನ್ನಡ ಮಾಧ್ಯಮದಲ್ಲಿ. 1983ರ ಜೂನ್‌ನಲ್ಲಿ ಸೇರಿದೆ.

ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕಪಾಟಿನಿಂದ ದಪ್ಪ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟರು. ಬೆನ್ನಿಗೆ ಬಟ್ಟೆ ಅಂಟಿಸಿದ್ದಾರೆ, ಮೂಲೆಗಳನ್ನು ಗೆದ್ದಲು ತಿಂದಿದೆ. "ನಿಮ್ಮ ವರ್ಷ ನೀವೇ ಹುಡುಕಿ, ನನಗೆ ಕ್ಲಾಸ್ ಇದೆ" ಅಂತ ಹೇಳಿ ಅವರು ಹೊರಟರು. ನನ್ನ ಸಾಲು ಸಿಕ್ಕಿತು. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಧರ್ಮ. ಅದರ ಪಕ್ಕದಲ್ಲಿ ಮಾತೃಭಾಷೆ: ಕೊಂಕಣಿ. ನೀಲಿ ಶಾಯಿ, ಅಚ್ಚಿನಂಥ ದುಂಡು ಅಕ್ಷರ.

ಬೆರಳು ಆ ಕಾಲಂನಲ್ಲೇ ಕೆಳಗಿಳಿಯಿತು. ತುಳು, ತುಳು, ಕೊಂಕಣಿ, ಬ್ಯಾರಿ, ತುಳು, ಮಲಯಾಳಂ, ಕೊಂಕಣಿ, ತುಳು, ಮರಾಠಿ. ಪುಟ ತಿರುಗಿಸಿದೆ. ಮತ್ತೆ ಅದೇ. ನನ್ನ ಜೊತೆ ಆ ವರ್ಷ ಸೇರಿದವರಲ್ಲಿ ಒಬ್ಬರ ಎದುರಿಗೂ ಕನ್ನಡ ಅಂತ ಇರಲಿಲ್ಲ.

ಇದು ನನಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಆದರೂ ಹಾಗೆ ಸಾಲಾಗಿ ಬರೆದಿಟ್ಟದ್ದನ್ನು ಕಣ್ಣಾರೆ ನೋಡಿದಾಗ ಎದೆಯಲ್ಲಿ ಏನೋ ಆಯಿತು. ಕನ್ನಡ ಶಾಲೆ, ಕನ್ನಡ ಪುಸ್ತಕ, ಕನ್ನಡ ಪರೀಕ್ಷೆ. ಕನ್ನಡ ಮಾತ್ರ ಯಾರ ಮನೆಯದ್ದೂ ಅಲ್ಲ. ನಮಗೆ ಕಲಿಸಿದ ಸಿಸ್ಟರುಗಳದ್ದೂ ಅಲ್ಲ, ಅವರು ಪ್ರಾರ್ಥನೆ ಮಾಡುತ್ತಿದ್ದದ್ದು ಕೊಂಕಣಿಯಲ್ಲಿ.

ಒಂದನೇ ಕ್ಲಾಸಿನಲ್ಲಿ ನಮಗೆ ಉಕ್ತಲೇಖನ ಅಂದರೆ ಹೆದರಿಕೆ. ದಿನಕ್ಕೆ ಹತ್ತು ಶಬ್ದ. ಸಿಸ್ಟರ್ ಒಂದೊಂದು ಶಬ್ದವನ್ನೂ ಎರಡು ಸಲ ಹೇಳುತ್ತಿದ್ದರು, ಮೂರನೇ ಸಲ ಇಲ್ಲ. ನಾವು ಸ್ಲೇಟಿನ ಮೇಲೆ ಬರೆದು, ಸ್ಲೇಟನ್ನು ಎದೆಗೆ ಒತ್ತಿ ಹಿಡಿದು ಕಾಯಬೇಕು. ತುಳು ಮಾತಾಡುವ ಮಕ್ಕಳ ಕಷ್ಟ ಒಂದು ಥರ. ಅವರ ಮನೆಯಲ್ಲಿ ಹುಲಿ ಅಂದರೆ ಪಿಲಿ, ಹೋಗು ಅಂದರೆ ಪೋ. ಧ, ಭ, ಘ ಅಂತ ಉಸಿರು ಒತ್ತಿ ಹೇಳುವ ಅಕ್ಷರಗಳು ಅವರ ಮಾತಿನಲ್ಲಿ ಸಿಗುವುದು ಕಡಿಮೆ. ಧನ, ದನ ಎರಡೂ ಅವರಿಗೆ ಕೊಟ್ಟಿಗೆಯಲ್ಲೇ ಇದ್ದವು. ಕೊಂಕಣಿಯ ನಮಗೆ ಉಸಿರಿನ ಅಕ್ಷರಗಳು ಸಲೀಸು, ಕಷ್ಟ ಬೇರೆ ಕಡೆ. ಕೊಂಕಣಿಯಲ್ಲಿ ಮದುವೆಯಾಗದ ಹುಡುಗಿಯ ಬಗ್ಗೆ ನಪುಂಸಕ ಲಿಂಗದಲ್ಲಿ ಮಾತಾಡುವುದು ರೂಢಿ. ಚೆಡುಂ ಆಯ್ಲೆಂ, ಹುಡುಗಿ ಬಂತು. ಅದರಲ್ಲಿ ತಾತ್ಸಾರ ಇಲ್ಲ, ಇರುವುದು ಮುದ್ದು. ಆದರೆ ಮೂರನೇ ಕ್ಲಾಸಿನಲ್ಲಿ "ನನ್ನ ಕುಟುಂಬ" ಅಂತ ಪ್ರಬಂಧ ಬರೆದಾಗ ನಾನು "ನನ್ನ ತಂಗಿ ಸಂಜೆ ಅಂಗಳದಲ್ಲಿ ಬಿತ್ತು, ಅತ್ತಿತು" ಅಂತ ಬರೆದಿದ್ದೆ.

ಸಿಸ್ಟರ್ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಲಿಲ್ಲ. ನನ್ನನ್ನು ಮೇಜಿನ ಹತ್ತಿರ ಕರೆದು, ದನಿ ತಗ್ಗಿಸಿ, ಕೊಂಕಣಿಯಲ್ಲಿ ಕೇಳಿದರು: "ನಿನ್ನ ತಂಗಿ ತೆಂಗಿನಕಾಯಿಯಾ?" ನಾನು ಇಲ್ಲ ಅಂದೆ. "ಹಾಗಾದರೆ ಕನ್ನಡದಲ್ಲಿ ಬಿದ್ದಳು ಅಂತ ಬರಿ. ಮನೆಯಲ್ಲಿ ಬಿತ್ತು ಅಂತಲೇ ಹೇಳು. ಎರಡೂ ಸರಿ." ಎರಡೂ ಸರಿ ಎಂಬ ಆ ಮಾತನ್ನು ಮರೆತಿಲ್ಲ. ಒಂದು ಭಾಷೆ ಕಲಿಸಲು ಇನ್ನೊಂದನ್ನು ಕೆಟ್ಟದ್ದು ಮಾಡಬೇಕಿಲ್ಲ ಅಂತ ಆ ಹೆಂಗಸಿಗೆ ಗೊತ್ತಿತ್ತು.

ಎಲ್ಲರೂ ಅವರ ಹಾಗಿರಲಿಲ್ಲ, ಅದನ್ನೂ ಹೇಳಬೇಕು. ಶಾಲೆಯೊಳಗೆ ತುಳು, ಕೊಂಕಣಿ ಮಾತಾಡಿ ಸಿಕ್ಕಿಬಿದ್ದರೆ ಕೈ ಚಾಚಬೇಕಾಗಿದ್ದ ಕ್ಲಾಸುಗಳೂ ಇದ್ದವು. ಬಿಸಿಲಿಗೆ ಕಾದ ಜಗಲಿಯಲ್ಲಿ ಮಂಡಿಯೂರಿ ನಿಂತದ್ದು ನನ್ನ ಮೊಣಕಾಲಿಗೆ ನೆನಪಿದೆ. ಅದು ತಪ್ಪು. ಆಗಿನ ಕಾಲ ಹಾಗೇ ಇತ್ತು ಅಂತ ನಾನು ಅದನ್ನು ಒಪ್ಪಲಾರೆ.

ಇಂಥ ಶಾಲೆಗಳು ಎಲ್ಲಿಂದ ಬಂದವು ಅಂತ ದೊಡ್ಡವನಾದ ಮೇಲೆ ಹುಡುಕಿ ಓದಿದೆ. ಮಂಗಳೂರಿನ ಶಾಲೆಗಳ ಬಗ್ಗೆ ಹೇಳುವಾಗ ಜನ ಮೊದಲು ನೆನೆಯುವುದು ಬಾಸೆಲ್ ಮಿಶನ್. ಅದು ನ್ಯಾಯವೇ. 1834ರಲ್ಲಿ ಬಂದವರು ಅವರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟಿದ್ದು ಅವರಿಂದ, ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಗಿದ್ದು ಅವರ ಪ್ರೆಸ್ಸಿನಲ್ಲಿ. ಆದರೆ ಅವರು ಪ್ರೊಟೆಸ್ಟಂಟರು. ಕಥೋಲಿಕರ ಕಥೆ ಬೇರೆ, ಹೊರಗಿನವರು ಎರಡನ್ನೂ ಕಲಸಿಬಿಡುತ್ತಾರೆ ಅಂತ ಹೇಳಿದೆ ಅಷ್ಟೆ.

ಕಥೋಲಿಕರ ಹೆಣ್ಣುಮಕ್ಕಳ ಶಾಲೆಯ ಕಥೆಯಲ್ಲಿ ನನಗೆ ಬಿಡಲಾಗದ ವ್ಯಕ್ತಿ ಮದರ್ ವೆರೋನಿಕಾ. ಹುಟ್ಟಿದ್ದು 1823ರಲ್ಲಿ, ಈಗಿನ ಇಸ್ತಾಂಬುಲ್‌ನಲ್ಲಿ. ಹೆಸರು ಸೋಫಿ ಲೀವ್ಸ್. ತಂದೆ ಆಂಗ್ಲಿಕನ್ ಪಾದ್ರಿ. ಆಕೆ ದೊಡ್ಡವಳಾದ ಮೇಲೆ ಕಥೋಲಿಕಳಾಗಿ, ಸಿಸ್ಟರ್ ಆಗಿ, 1860ರ ದಶಕದಲ್ಲಿ ಕಲ್ಲಿಕೋಟೆಗೆ ಬಂದು ಸ್ವಲ್ಪ ಕಾಲ ಇದ್ದರು. ಈ ಕರಾವಳಿಯ ಹೆಣ್ಣುಮಕ್ಕಳಿಗೆ ಕಲಿಸುವುದಕ್ಕಾಗಿಯೇ ಒಂದು ಸಂಸ್ಥೆ ಬೇಕು ಅನ್ನುವುದು ಅವರ ಮನಸ್ಸಿಗೆ ಹೊಕ್ಕಿತು. 1868ರ ಜುಲೈ 16ರಂದು ಫ್ರಾನ್ಸಿನ ಬಯೋನ್ ಎಂಬ ಊರಿನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಶುರುಮಾಡಿದರು. 1870ರ ನವೆಂಬರಿನಲ್ಲಿ ಅಲ್ಲಿಂದ ಮೂವರು ಸಿಸ್ಟರುಗಳು ಮಂಗಳೂರಿಗೆ ಬಂದಿಳಿದರು. ಸಂತ ಆನ್ನಾ ಶಾಲೆ ಹುಟ್ಟಿದ್ದು ಹಾಗೆ. ಇದಾಗಿ ಹತ್ತು ವರ್ಷಕ್ಕೆ, 1880ರಲ್ಲಿ, ಜೆಸ್ವಿಟ್ ಪಂಗಡದ ಕಥೋಲಿಕ ಪಾದ್ರಿಗಳು ಗಂಡುಮಕ್ಕಳಿಗಾಗಿ ಸಂತ ಅಲೋಶಿಯಸ್ ಶುರುಮಾಡಿದರು. 1921ರಲ್ಲಿ ಅಪೋಸ್ತಲಿಕ್ ಕಾರ್ಮೆಲ್‌ನವರೇ ಹೆಣ್ಣುಮಕ್ಕಳಿಗೆ ಸಂತ ಆಗ್ನೆಸ್ ಕಾಲೇಜು ತೆರೆದರು.

ಇವೆಲ್ಲ ಪೇಟೆಯ ಕಥೆ. ನಮ್ಮ ಶಾಲೆಯಂಥ ಹಳ್ಳಿ ಶಾಲೆಗಳ ಬೇರು ಸ್ವಲ್ಪ ಆಚೆಗಿದೆ. 1921ರಲ್ಲೇ, ಮತ್ತೆ ಜುಲೈ 16ರಂದೇ, ಮಂಗಳೂರಿನ ಬೆಂದೂರಿನಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಕಾರ್ಮೆಲ್ ಮಾತೆಯ ಹಬ್ಬ ಅದು, ಹಾಗಾಗಿ ದಿನ ಒಂದೇ. ಬೆಂದೂರಿನ ವಿಗಾರರಾಗಿದ್ದ, ಅಂದರೆ ಅಲ್ಲಿನ ಇಗರ್ಜಿಯ ಮುಖ್ಯ ಪಾದ್ರಿಯಾಗಿದ್ದ ರೇಮಂಡ್ ಮಸ್ಕರೇನ್ಹಸ್ ಅವರು ಬೆಥನಿ ಸಿಸ್ಟರುಗಳ ಸಂಸ್ಥೆ ಕಟ್ಟಿದರು. ಸೇರಿದವರು ಊರಿನ ಹುಡುಗಿಯರು. ಅವರಿಗಿಂತ ಮುಂಚೆ, 1887ರಲ್ಲಿ ಮಂಗಳೂರಿನಲ್ಲೇ ಶುರುವಾದ ಉರ್ಸುಲೈನ್ ಸಿಸ್ಟರುಗಳೂ ಹೀಗೇ ಊರಿನ ಹೆಣ್ಣುಮಕ್ಕಳು.

ಇದು ಎಂಥ ದೊಡ್ಡ ವಿಷಯ ಅಂತ ನನಗೆ ಹೊಳೆದದ್ದು ಇತ್ತೀಚೆಗೆ. ಹೊರದೇಶದಿಂದ ಬಂದವರು ಪೇಟೆಯಲ್ಲಿ ದೊಡ್ಡ ಕಟ್ಟಡ ಕಟ್ಟಬಲ್ಲರು. ಆದರೆ ಬಸ್ಸಿಲ್ಲದ ಊರಿಗೆ, ಹೊಳೆ ದಾಟಿ, ಗುಡ್ಡ ಹತ್ತಿ ಹೋಗಿ, ಬ್ಯಾರಿಗಳ ಮನೆಯ ಹುಡುಗಿಯನ್ನೂ ಬಿಲ್ಲವರ ಮನೆಯ ಹುಡುಗಿಯನ್ನೂ "ಶಾಲೆಗೆ ಕಳಿಸಿ" ಅಂತ ಕೇಳಬೇಕಾದರೆ ತುಳು ಬರಬೇಕು. ಅಂಗಳದಲ್ಲಿ ಕೂತು ವೀಳ್ಯದೆಲೆ, ಮಳೆ, ಬೆಳೆಯ ಮಾತು ಆಡಬೇಕು. ಕೃಷಿಕರ ಮನೆಯಿಂದ ಬಂದ ಈ ಸಿಸ್ಟರುಗಳಿಗೆ ಅದು ಹುಟ್ಟಿನಿಂದಲೇ ಬರುತ್ತಿತ್ತು. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ.

ಕನ್ನಡವೇ ಯಾಕೆ? ಕಾರಣ ಸರಳ. ನಮ್ಮ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತು. 1854ರ ನಂತರ ಬಂದ ಅನುದಾನದ ಪದ್ಧತಿಯಲ್ಲಿ ಖಾಸಗಿ ಶಾಲೆಗೂ ಸರ್ಕಾರದ ಹಣ ಸಿಗುತ್ತಿತ್ತು, ಇನ್ಸ್‌ಪೆಕ್ಟರ್ ಬಂದು ನೋಡಿ ಒಪ್ಪಿದರೆ. ಈ ಜಿಲ್ಲೆಯ ಎಲಿಮೆಂಟರಿ ಶಾಲೆಗಳಲ್ಲಿ ಪುಸ್ತಕ, ಪರೀಕ್ಷೆ ಎಲ್ಲ ನಡೆಯುತ್ತಿದ್ದದ್ದು ಕನ್ನಡದಲ್ಲಿ. ಹೀಗೆ ತುಳು ನೆಲದಲ್ಲಿ ಕೊಂಕಣಿ ಜನ ನಡೆಸಿದ ಶಾಲೆಗಳಲ್ಲಿ ಕನ್ನಡ ಬೇರು ಬಿಟ್ಟಿತು. ಕರಾವಳಿಯವರ ಕನ್ನಡ ಪುಸ್ತಕದ ಕನ್ನಡ, ಗ್ರಂಥದ ಹಾಗೆ ಮಾತಾಡುತ್ತೀರಿ ಅಂತ ಬೆಂಗಳೂರಿನಲ್ಲಿ ಎಷ್ಟು ಸಲ ಕೇಳಿಲ್ಲ ನಾವು! ಹೌದು, ನಮಗೆ ಅದು ಪುಸ್ತಕದಿಂದಲೇ ಬಂದದ್ದು. ಸ್ಲೇಟಿನಿಂದ, ಕಾಗುಣಿತದಿಂದ, ಯಕ್ಷಗಾನದ ರಂಗಸ್ಥಳದಿಂದ. ತಾಯಿಯ ಬಾಯಿಂದ ಅಲ್ಲ, ಟೀಚರ ಬಾಯಿಂದ.

ಓದಿನ ವಿಷಯಕ್ಕೆ ಬರುತ್ತೇನೆ. ಮದರಾಸಿನ ಕಾಲದಲ್ಲಿ ಹೈಯರ್ ಎಲಿಮೆಂಟರಿ ಅಂದರೆ ಎಂಟನೇ ಕ್ಲಾಸಿನವರೆಗೆ. ಕೊನೆಗೆ ಇ.ಎಸ್.ಎಲ್.ಸಿ., ಅಂದರೆ ಎಲಿಮೆಂಟರಿ ಶಾಲೆ ಮುಗಿಸಿದ ಸರ್ಟಿಫಿಕೇಟಿನ ಪರೀಕ್ಷೆ. ಅದು ಪಾಸಾದರೆ ತರಬೇತಿ ಪಡೆದು ಟೀಚರ್ ಆಗಬಹುದಿತ್ತು. ನನ್ನ ಅಜ್ಜಿಯ ತಂಗಿ ಹಾಗೆ ಟೀಚರ್ ಆದವರು. ಮನೆಯಲ್ಲಿ ಏಳು ಜನ ಮಕ್ಕಳು, ಗೇಣಿಯ ಭೂಮಿ. ಅವರ ಸಂಬಳದಿಂದ ಇಬ್ಬರು ತಮ್ಮಂದಿರು ಬೊಂಬಾಯಿಗೆ ಹೋದರು. ನಮ್ಮ ಮನೆಗೆ ತಿಂಗಳು ತಿಂಗಳು ಬರುವ ಮೊದಲ ಸಂಬಳ ತಂದವಳು ಒಬ್ಬ ಹೆಂಗಸು, ಅದನ್ನು ತಂದಿದ್ದು ಕನ್ನಡ ಕಲಿಸಿ. ಊರಿನ ಎಷ್ಟೋ ಮನೆಗಳಲ್ಲಿ ಇದೇ ಕಥೆ ಕೇಳಿದ್ದೇನೆ.

ನನ್ನ ಕಾಲಕ್ಕೆ ಅದು ಏಳನೇ ಕ್ಲಾಸಿನವರೆಗಿನ ಹಿರಿಯ ಪ್ರಾಥಮಿಕ ಶಾಲೆ. ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೆಯಲ್ಲಿ. ಅಲ್ಲಿಯವರೆಗೆ ಮಗ್ಗಿ, ಬಾಯಿಪಾಠ, ಕಾಪಿ ಬರೆಯುವುದು, ಗಟ್ಟಿಯಾಗಿ ಓದುವುದು. ಗಟ್ಟಿಯಾಗಿ ಓದುವುದಕ್ಕೆ ನಮ್ಮಲ್ಲಿ ಬಹಳ ಬೆಲೆ ಇತ್ತು. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಸರದಿಯ ಪ್ರಕಾರ ಒಬ್ಬರು ಪೇಪರಿನ ಸುದ್ದಿ ಓದಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಟೀಚರ ದನಿ ಕೇಳುತ್ತಿರಲಿಲ್ಲ. ಆಗ ಇಡೀ ಕ್ಲಾಸು ಒಟ್ಟಿಗೆ ಮಗ್ಗಿ ಹೇಳುತ್ತಿತ್ತು, ಮಳೆಗಿಂತ ಜೋರಾಗಿ. ಹದಿನೇಳರ ಮಗ್ಗಿ ಇವತ್ತೂ ನನಗೆ ಮಳೆಯ ಸದ್ದಿನ ಜೊತೆಗೇ ನೆನಪಾಗುವುದು.

ಧರ್ಮದ ವಿಷಯ ಹಲವರು ಕೇಳುತ್ತಾರೆ, ಹೇಳಿಬಿಡುತ್ತೇನೆ. ವಾರದಲ್ಲಿ ಕೆಲವು ದಿನ ಒಂದು ಪೀರಿಯಡ್ ಕಥೋಲಿಕ ಮಕ್ಕಳಿಗೆ ಕ್ರಿಸ್ತೋಪದೇಶ, ಕೊಂಕಣಿಯಲ್ಲಿ. ಅದೇ ಹೊತ್ತಿಗೆ ಉಳಿದವರಿಗೆ ಇನ್ನೊಂದು ಕೋಣೆಯಲ್ಲಿ ನೀತಿಪಾಠ, ಕನ್ನಡದಲ್ಲಿ. ಸರ್ಕಾರದ ಹಣ ಪಡೆಯುವ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾರಿಗೂ ಧರ್ಮದ ಪಾಠ ಮಾಡುವಂತಿಲ್ಲ ಅಂತ ಸಂವಿಧಾನದ 28ನೇ ವಿಧಿ ಹೇಳುತ್ತದೆ. ನಮಗೆ ಆಗ ಅದೆಲ್ಲ ಗೊತ್ತಿರಲಿಲ್ಲ. ನೀತಿಪಾಠದಲ್ಲಿ ಕಥೆ ಜಾಸ್ತಿ ಇರುತ್ತದೆ, ನಮಗೆ ಪ್ರಶ್ನೋತ್ತರ ಬಾಯಿಪಾಠ ಮಾತ್ರ ಅನ್ನುವ ಹೊಟ್ಟೆಕಿಚ್ಚು ಇತ್ತು.

ಆದರೆ ಮೊಂತಿ ಫೆಸ್ತ್ ಬಂದರೆ ಆ ಗೋಡೆ ಇರುತ್ತಿರಲಿಲ್ಲ. ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ತರಬೇಕು. ಬೆಳಿಗ್ಗೆ ಬೇಗ ಎದ್ದು, ಒದ್ದೆ ಬೇಲಿಯಲ್ಲಿ ಕೈ ಹಾಕಿ, ದಾಸವಾಳ, ಕೇಪಳ, ಗೊರಟೆ, ಸಿಕ್ಕಿದ ಕಾಡುಹೂ ಎಲ್ಲ ಕಿತ್ತು ಬುಟ್ಟಿಗೆ. ಯಾರಿಗೂ ತನ್ನಿ ಅಂತ ಹೇಳುತ್ತಿರಲಿಲ್ಲ, ಎಲ್ಲರೂ ತರುತ್ತಿದ್ದರು. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಪೂ ಅನ್ನುತ್ತಿದ್ದಳು, ನಾನು ಫುಲ್ ಅನ್ನುತ್ತಿದ್ದೆ, ಪುಸ್ತಕದಲ್ಲಿ ಹೂವು ಅಂತ ಇತ್ತು. ಮೂರೂ ಒಂದೇ ಬುಟ್ಟಿಯಲ್ಲಿ. ಅವಳ ಬುಟ್ಟಿ ಯಾವಾಗಲೂ ನನ್ನದಕ್ಕಿಂತ ತುಂಬಿರುತ್ತಿತ್ತು. ಅವಳ ಮನೆಯವರು ನಾಗನಿಗೂ ಹೂ ಇಡುವವರು, ಗಿಡಗಳು ಜಾಸ್ತಿ ಇದ್ದವು.

ಅಷ್ಟು ಹೊತ್ತಿಗೆ ಹೆಡ್‌ಮಿಸ್ಟ್ರೆಸ್ ಕ್ಲಾಸ್ ಮುಗಿಸಿ ಬಂದರು. ಚಹಾ ತರಿಸಿದರು. ಎಷ್ಟು ಮಕ್ಕಳಿದ್ದಾರೆ ಅಂತ ಕೇಳಿದೆ. ಏಳು ಕ್ಲಾಸು ಸೇರಿ 41. ನನ್ನ ಕಾಲದಲ್ಲಿ ಒಂದೇ ಕ್ಲಾಸಿನಲ್ಲಿ ಅಷ್ಟು ಜನ ಇದ್ದೆವು.

ಕಾರಣ ಕಿಟಕಿಯಿಂದಲೇ ಕಾಣುತ್ತಿತ್ತು. ಅದೇ ಅಂಗಳದ ಆಚೆ ಬದಿಯಲ್ಲಿ ಮೂರು ಮಾಳಿಗೆಯ ಇಂಗ್ಲಿಷ್ ಮೀಡಿಯಂ ಶಾಲೆ, ಅದೇ ಆಡಳಿತದ್ದು. ಗೇಟಿನ ಹೊರಗೆ ವ್ಯಾನುಗಳ ಸಾಲು. ಕನ್ನಡ ಶಾಲೆಯಲ್ಲಿ ನಿವೃತ್ತರಾದ ಟೀಚರುಗಳ ಜಾಗ ಖಾಲಿಯೇ ಇದೆ. ಮಕ್ಕಳಿಲ್ಲ ಅಂತ ಹುದ್ದೆ ಇಲ್ಲ, ಟೀಚರಿಲ್ಲ ಅಂತ ಮಕ್ಕಳಿಲ್ಲ. ಸರ್ಕಾರದ ಸಂಬಳದ ಟೀಚರ್ ಈಗ ಇಬ್ಬರೇ. ಉಳಿದವರಿಗೆ ಆಡಳಿತದವರೂ ಹಳೆ ವಿದ್ಯಾರ್ಥಿಗಳೂ ಸೇರಿ ಏನೋ ಸ್ವಲ್ಪ ಕೊಡುತ್ತಾರೆ. ಬಿಸಿಯೂಟ ಇದೆ, ಪುಸ್ತಕ ಉಚಿತ, ಫೀಸು ಇಲ್ಲ. ಆದರೂ ಬರುವುದಿಲ್ಲ.

ನಾನು ಯಾರ ಮೇಲೆ ಬೆರಳು ತೋರಿಸಲಿ? ನನ್ನ ಮಗಳು ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂನಲ್ಲೇ ಓದುತ್ತಿದ್ದಾಳೆ. ಸೇರಿಸುವಾಗ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ, ಆದರೂ ಸೇರಿಸಿದೆ. ಅವಳು ಕನ್ನಡ ಮಾತಾಡುತ್ತಾಳೆ, ಓದುವಾಗ ಮಾತ್ರ ಅಕ್ಷರ ಅಕ್ಷರ ಕೂಡಿಸುತ್ತಾಳೆ. ಇದು ನನ್ನನ್ನು ಕಾಡುತ್ತದೆ.

ಮಾಧ್ಯಮದ ಜಗಳ ನಾವೆಲ್ಲ ನೋಡಿದ್ದೇವೆ. 1994ರಲ್ಲಿ ಸರ್ಕಾರ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂತ ಆದೇಶ ಮಾಡಿತು. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಎಳೆದಾಡಿ, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹಾಗೆ ಬಲವಂತ ಮಾಡುವಂತಿಲ್ಲ, ಆಯ್ಕೆ ತಂದೆತಾಯಿಯದ್ದು ಅಂತ ತೀರ್ಪು ಕೊಟ್ಟಿತು. ಆ ಇಪ್ಪತ್ತು ವರ್ಷವೂ ಮಾತೃಭಾಷೆ, ಮಾತೃಭಾಷೆ ಅಂತ ಎಲ್ಲರೂ ಹೇಳುತ್ತಿದ್ದರು. ಮಗು ಮನೆಮಾತಿನಲ್ಲೇ ಕಲಿತರೆ ಒಳ್ಳೆಯದು ಅನ್ನುವುದು ನನಗೂ ಒಪ್ಪಿಗೆ. ಆದರೆ ನಮ್ಮ ರಿಜಿಸ್ಟರಿನ ಮಕ್ಕಳ ಎದುರಿಗೆ ನಿಂತು ಆ ವಾದ ಮಾಡುವುದು ಹೇಗೆ? ನಾವು ಯಾರೂ ಮಾತೃಭಾಷೆಯಲ್ಲಿ ಕಲಿತವರಲ್ಲ. ನಾವು ಕಲಿತದ್ದು ನೆರೆಯ ಭಾಷೆಯಲ್ಲಿ. ಅದು ನಮಗೆ ದಕ್ಕಿದ್ದು ಕಲಿಸಿದವರೂ ನಮ್ಮ ಹಾಗೇ ಅದನ್ನು ಒಂದೊಂದೇ ಅಕ್ಷರ ಕಲಿತವರು ಎಂಬ ಕಾರಣಕ್ಕೆ. ಮಗು ಎಲ್ಲಿ ಎಡವುತ್ತದೆ ಅಂತ ಅವರಿಗೆ ಗೊತ್ತಿತ್ತು, ಅವರೂ ಅಲ್ಲೇ ಎಡವಿದ್ದರು. ಧನ, ದನ ಬೇರೆ ಅಂತ ಅವರು ಹೇಳುವಾಗ ಅಂಗೈಯನ್ನು ಬಾಯಿಯ ಎದುರಿಗೆ ಹಿಡಿಯಲು ಹೇಳುತ್ತಿದ್ದರು. ಉಸಿರು ಕೈಗೆ ತಾಗಿದರೆ ಧನ, ತಾಗದಿದ್ದರೆ ದನ. ಕನ್ನಡ ಮನೆಮಾತಿನ ಟೀಚರಿಗೆ ಇದು ಹೊಳೆಯುತ್ತಿತ್ತಾ? ನನಗೆ ಅನುಮಾನ.

ಇಂಗ್ಲಿಷ್ ಬೇಡ ಅನ್ನುವವನಲ್ಲ ನಾನು. ಅದರಿಂದಲೇ ಅನ್ನ ತಿನ್ನುತ್ತಿದ್ದೇನೆ. ಆದರೆ ಆಚೆ ಕಟ್ಟಡದಲ್ಲಿ ಆ ಮಕ್ಕಳು ಎಡವುವ ಜಾಗ ಗೊತ್ತಿರುವ ಟೀಚರ್ ಎಷ್ಟು ಜನ ಇದ್ದಾರೆ ಅನ್ನುವುದು ನನ್ನ ಚಿಂತೆ. ನಾವು ನಾಲ್ಕು ವರ್ಷ ಒಂದು ಭಾಷೆಯಲ್ಲಿ ಗಟ್ಟಿಯಾಗಿ ಕಾಲೂರಿ, ಐದನೆಯಲ್ಲಿ ಇನ್ನೊಂದಕ್ಕೆ ಕೈ ಹಾಕಿದೆವು. ತಡವಾಯಿತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಸಿಸ್ಟರ್ ಹೊಸ ರಿಜಿಸ್ಟರನ್ನೂ ತೋರಿಸಿದರು. ಈ ವರ್ಷ ಒಂದನೇ ಕ್ಲಾಸಿಗೆ ಆರು ಮಕ್ಕಳು. ನಾನು ಸುಮ್ನೆ ಆ ಕಾಲಂ ನೋಡಿದೆ. ತುಳು ಒಂದು, ಬ್ಯಾರಿ ಒಂದು. ಉಳಿದ ನಾಲ್ಕರ ಎದುರಿಗೆ: ಕನ್ನಡ, ಕನ್ನಡ, ಕನ್ನಡ, ಕನ್ನಡ.

ನಾನು ತಲೆ ಎತ್ತಿ ನೋಡಿದೆ. ಅವರು ನಕ್ಕರು. "ಬಾಗಲಕೋಟೆ, ಕೊಪ್ಪಳದವರು. ಅಪ್ಪ ಅಮ್ಮ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದಾರೆ. ಇವರಿಲ್ಲದಿದ್ದರೆ ಶಾಲೆ ಯಾವಾಗಲೋ ಮುಚ್ಚುತ್ತಿತ್ತು."

ಕ್ಲಾಸಿಗೆ ಹೋಗಿ ನೋಡಬಹುದಾ ಅಂತ ಕೇಳಿದೆ. ಅದೇ ಕೋಣೆ. ಬೆಂಚು ಬದಲಾಗಿದೆ, ಕಿಟಕಿಯ ಮರದ ಸರಳು ಹಾಗೇ ಇದೆ. ಟೀಚರ್ ಚಿಕ್ಕ ವಯಸ್ಸಿನವರು, ತುಳು ಮನೆಮಾತು. ಉಕ್ತಲೇಖನ ನಡೆಯುತ್ತಿತ್ತು. ಟೀಚರ್ ಹೇಳಿದರು: "ಹೂವು." ಸ್ವಲ್ಪ ಬಿಟ್ಟು ಮತ್ತೆ: "ಹೂವು." ಮುಂದಿನ ಬೆಂಚಿನ ಹುಡುಗಿ, ಎರಡು ಜಡೆ, ತೋಳು ಉದ್ದವಾದ ಯೂನಿಫಾರ್ಮು, ಸ್ಲೇಟಿನಿಂದ ತಲೆ ಎತ್ತದೆ ಕೇಳಿದಳು, "ಟೀಚರ್, ಹೂವಾ ಅಂತ ಬರೀಲ್ರೀ?"

ಟೀಚರ್ ಬಗ್ಗಿ ಅವಳ ಸ್ಲೇಟು ನೋಡಿದರು. "ಮನೆಯಲ್ಲಿ ಹಾಗೆ ಹೇಳ್ತೀರಾ?" ಅಂತ ಕೇಳಿದರು. ಹುಡುಗಿ ಹೂಂ ಅಂದಳು. ಟೀಚರ್ ಬೋರ್ಡಿನ ಮೇಲೆ ದೊಡ್ಡದಾಗಿ ಹೂವು ಅಂತ ಬರೆದರು. ಅದರ ಪಕ್ಕದಲ್ಲಿ, ಸ್ವಲ್ಪ ಸಣ್ಣದಾಗಿ, ಹೂವಾ. ಅದರ ಕೆಳಗೆ ಪೂ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, ನೀವು ಏನು ಹೇಳುತ್ತೀರಿ ಅಂತ ಕೇಳಿದರು.

ನಾನು ಹೇಳಿದೆ. ಅವರು ಅದನ್ನೂ ಬರೆದರು. ಆರು ಮಕ್ಕಳೂ ಒಟ್ಟಿಗೆ ಓದಿದರು, ಜೋರಾಗಿ. ಇಗರ್ಜಿಯಲ್ಲಿ ಹನ್ನೆರಡರ ಗಂಟೆ ಬಾರಿಸತೊಡಗಿತು.